ಪುಸ್ತಕಭಂಡಾರದ ಪಾಠವೂ ಫಲದ ಅಳತೆಯೂ

ಕಲಿಸಿದ ವಿದ್ಯೆ ಕಲಿತವನಲ್ಲಿ ಎಷ್ಟು ಕಾಲ ನಿಲ್ಲುತ್ತದೆ? ನಿಂತಿದೆಯೆಂಬುದನ್ನು ಮತ್ತೊಬ್ಬನು ಯಾವ ಪ್ರಮಾಣದಿಂದ ತಿಳಿಯಬೇಕು? ತಿಳಿಯಲು ಹೊರಡುವ ಅಧಿಕಾರವಾದರೂ ಅವನಿಗೆ ಎಷ್ಟರಮಟ್ಟಿಗೆ ಉಂಟು? ಈ ಮೂರು ಪ್ರಶ್ನೆಗಳು ಗುರುಶಿಷ್ಯರ ಸಂಬಂಧದಷ್ಟೇ ಹಳೆಯವು. ಈಚಿನ ಕಾಲದಲ್ಲಿ ಅವು ಹೊಸ ವೇಷವನ್ನು ತೊಟ್ಟು ವಿಶ್ವವಿದ್ಯಾನಿಲಯಗಳ ಪುಸ್ತಕಭಂಡಾರಗಳಲ್ಲಿ ಕಾಣಿಸಿಕೊಂಡಿವೆ. ಅಲ್ಲಿ ಗ್ರಂಥಪಾಲಕರು ವಿದ್ಯಾರ್ಥಿಗಳಿಗೆ ಒಂದು ವಿಶೇಷವಾದ ಪಾಠವನ್ನು ಹೇಳುತ್ತಾರೆ. ಬೇಕಾದ ಗ್ರಂಥವನ್ನು ಹುಡುಕುವುದು ಹೇಗೆ, ದೊರೆತ ಬರೆಹಗಳಲ್ಲಿ ನಂಬತಕ್ಕದ್ದನ್ನು ಆರಿಸುವುದು ಹೇಗೆ, ಪರರ ಮಾತನ್ನು ತೆಗೆದುಕೊಂಡಾಗ ಅದನ್ನು ಅವರದೆಂದು ಒಪ್ಪಿ ತಿಳಿಸುವುದು ಹೇಗೆ—ಇಷ್ಟೇ ಆ ಪಾಠದ ವಿಷಯ. ಬಹಳ ಕಡೆಗಳಲ್ಲಿ ಇದಕ್ಕೆ ದೊರೆಯುವ ಅವಕಾಶ ಒಂದು ಗಂಟೆ ಮಾತ್ರ. ಆ ಒಂದು ಗಂಟೆಯ ಫಲವು ಹತ್ತು ವರ್ಷಗಳ ಮೇಲೂ ಉಳಿದಿದೆಯೆ ಎಂಬುದನ್ನು ತೋರಿಸಿಕೊಡಬೇಕೆಂದು ಈಗ ಗ್ರಂಥಪಾಲಕರನ್ನು ಕೇಳಲಾಗುತ್ತಿದೆ.

ಈ ಪಾಠವು ನಿನ್ನೆ ಮೊನ್ನೆ ಹುಟ್ಟಿದುದಲ್ಲ. ಅಮೆರಿಕಾ ದೇಶದ ಮಿಷಿಗನ್ ವಿಶ್ವವಿದ್ಯಾನಿಲಯದ ಗ್ರಂಥಪಾಲಕನಾಗಿದ್ದ ರೇಮಂಡ್ ಡೇವಿಸ್ ಎಂಬಾತನು ೧೮೮೦ರ ದಶಕದಲ್ಲಿಯೇ ಗ್ರಂಥಾನ್ವೇಷಣೆಯನ್ನು ಒಂದು ಪಾಠಕ್ರಮವಾಗಿ ಬೋಧಿಸಿದನು. ೧೯೬೦ರ ದಶಕದಿಂದೀಚೆಗೆ ಇಂಡಿಯಾನಾ ಸಂಸ್ಥಾನದ ಅರ್ಲಮ್ ಕಾಲೇಜಿನಲ್ಲಿ ಇವಾನ್ ಫಾರ್ಬರ್ ಎಂಬ ಗ್ರಂಥಪಾಲಕನು ಅದನ್ನು ಪ್ರತ್ಯೇಕವಾಗಿಡದೆ ಚರಿತ್ರೆ, ಜೀವಶಾಸ್ತ್ರ ಮೊದಲಾದ ವಿಷಯಗಳ ಪಾಠದೊಡನೆಯೇ ಹೆಣೆದನು. ನಮ್ಮ ದೇಶದಲ್ಲಿ, ೧೯೨೪ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್. ಆರ್. ರಂಗನಾಥನ್ ಅವರು, ಹೊಸದಾಗಿ ಬಂದ ಓದುಗನಿಗೆ ಭಂಡಾರದ ಮರ್ಮವನ್ನು ತಿಳಿಸಿಕೊಡುವುದನ್ನು ಗ್ರಂಥಪಾಲಕನ ಧರ್ಮಗಳಲ್ಲಿ ಒಂದನ್ನಾಗಿ ಎಣಿಸಿದರು. ೧೯೭೪ರಲ್ಲಿ ಅಮೆರಿಕದ ಪಾಲ್ ಜುರ್ಕೋವ್‌ಸ್ಕಿ ಎಂಬಾತನು ಈ ವಿದ್ಯೆಗೆ ‘ಮಾಹಿತಿ ಸಾಕ್ಷರತೆ’ ಎಂಬರ್ಥದ ಹೊಸ ಹೆಸರನ್ನಿಟ್ಟನು. ಹೆಸರು ಬಂದ ಬಳಿಕ ಲಕ್ಷಣ ಬೇಕಾಯಿತು. ಲಕ್ಷಣ ಬಂದ ಬಳಿಕ ಪರೀಕ್ಷೆ ಬೇಕಾಯಿತು. ಅಮೆರಿಕದ ಕಾಲೇಜು ಗ್ರಂಥಪಾಲಕರ ಸಂಘವು ೨೦೦೦ದಲ್ಲಿ ಈ ವಿದ್ಯೆಯ ಅಂಗಗಳನ್ನು ಒಂದೊಂದಾಗಿ ಅಳೆಯಬಹುದಾದ ಹಾಗೆ ಪಟ್ಟಿ ಮಾಡಿತು. ೨೦೧೬ರಲ್ಲಿ ತಾನೇ ಆ ಪಟ್ಟಿಯನ್ನು ಕೈಬಿಟ್ಟು, ಆರು ವಿಶಾಲವಾದ ಭಾವನೆಗಳ ಚೌಕಟ್ಟೊಂದನ್ನು ಅದರ ಸ್ಥಾನದಲ್ಲಿ ಇರಿಸಿತು. ಹದಿನಾರು ವರ್ಷಗಳಲ್ಲಿ ನಡೆದ ಈ ಮಾರ್ಪಾಡೇ ಅಳತೆಯ ಕೆಲಸ ಸುಲಭವಲ್ಲವೆಂಬುದಕ್ಕೆ ಸಾಕ್ಷಿ.

ಅಳೆಯಬೇಕೆಂಬ ಒತ್ತಾಯ ಹುಟ್ಟುವುದು ಬಹುಮಟ್ಟಿಗೆ ವೆಚ್ಚದಿಂದ. ದ್ರವ್ಯವನ್ನು ಕೊಡುವವರು ಫಲವನ್ನು ಕೇಳುವುದು ಲೋಕರೂಢಿ. ಅದು ಅನ್ಯಾಯವೂ ಅಲ್ಲ. ಆದರೆ ಫಲವನ್ನು ತೋರಿಸದಿದ್ದರೆ ಪಾಠಕ್ಕೂ ಪಾಠ ಹೇಳುವವನ ಜೀವನಕ್ಕೂ ಸಂಚಕಾರ ಬಂದೀತೆಂಬ ಭಯವಿರುವಲ್ಲಿ, ಫಲವನ್ನು ಹುಡುಕುವ ಕಣ್ಣು ನಿರ್ಮಲವಾಗಿ ಉಳಿಯುವುದು ಕಷ್ಟ. ಆದುದರಿಂದ ಇದು ಗಣಿತದ ಪ್ರಶ್ನೆಯಾಗಿರುವಂತೆಯೇ ಧರ್ಮದ ಪ್ರಶ್ನೆಯೂ ಆಗಿದೆ.

ಇಲ್ಲಿ ಮೊದಲು ಏಳುವ ಪೂರ್ವಪಕ್ಷವು ಅಳತೆಯನ್ನೇ ನಿರಾಕರಿಸುವವರದು. ವಿದ್ಯೆಯ ಫಲ ಅತೀಂದ್ರಿಯವಾದುದು, ಅದನ್ನು ಕೋಲಿನಿಂದ ಅಳೆಯುವುದು ಅವಿವೇಕ, ಉಪಾಧ್ಯಾಯನು ಬೀಜವನ್ನು ಬಿತ್ತಿ ಸುಮ್ಮನಿರಬೇಕು ಎನ್ನುತ್ತಾರೆ ಅವರು. ಮಾತು ಕಿವಿಗೆ ಹಿತವಾಗಿದೆ. ಆದರೆ ಬಿತ್ತಿದವನು ಮೊಳಕೆ ಬಂದಿತೇ ಎಂದು ಹೊಲದ ಕಡೆ ತಿರುಗಿ ನೋಡದೆ ಇರುವುದುಂಟೆ? ನೋಡದವನನ್ನು ವಿರಕ್ತನೆಂದು ಯಾರೂ ಹೊಗಳುವುದಿಲ್ಲ, ಸೋಮಾರಿಯೆನ್ನುತ್ತಾರೆ. ಯಾಗವು ನಡೆದ ಕ್ಷಣದಲ್ಲಿಯೇ ಮುಗಿದುಹೋಗುತ್ತದೆ, ಸ್ವರ್ಗವು ಬರುವುದು ಎಷ್ಟೋ ಕಾಲದ ಮೇಲೆ; ಈ ಎರಡರ ನಡುವಣ ಕಂದರವನ್ನು ದಾಟಿಸುವುದಕ್ಕಾಗಿ ಮೀಮಾಂಸಕರು ‘ಅಪೂರ್ವ’ವೆಂಬ ಕಾಣದ ಶಕ್ತಿಯೊಂದನ್ನು ಒಪ್ಪಿದರು. ಅವರಿಗೆ ಅದನ್ನು ಒಪ್ಪಲು ವೇದದ ಬಲವಿತ್ತು. ಒಂದು ಗಂಟೆಯ ಪಾಠಕ್ಕೆ ಅಂಥ ವೇದವಾಕ್ಯದ ಆಸರೆಯೇನೂ ಇಲ್ಲ. ವಿದ್ಯಾರ್ಥಿಗಳ ಕಾಲವನ್ನು ತೆಗೆದುಕೊಂಡವನು ಅದರಿಂದ ಅವರಿಗೆ ಏನಾದರೂ ಆಯಿತೇ ಎಂದು ಕೇಳಿಕೊಳ್ಳಲೇಬೇಕು.

ಇನ್ನು ಎರಡನೆಯ ಪೂರ್ವಪಕ್ಷವು ಎಲ್ಲವನ್ನೂ ಅಂಕಿಗಳಿಂದ ತೀರ್ಮಾನಿಸಬಹುದೆನ್ನುವವರದು. ಅವರ ಸಾಧನಗಳನ್ನು ಒಂದೊಂದಾಗಿ ನೋಡಬೇಕು. ಎಲ್ಲಕ್ಕಿಂತ ಸುಲಭವಾದುದು, ಪಾಠ ಮುಗಿದೊಡನೆ ಒಂದು ಚೀಟಿಯನ್ನು ಹಂಚಿ, ಪಾಠದಿಂದ ಪ್ರಯೋಜನವಾಯಿತೇ ಎಂದು ಕೇಳುವುದು. ೧೯೫೯ರಲ್ಲಿ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ಅಮೆರಿಕದ ವಿದ್ವಾಂಸನು ಶಿಕ್ಷಣದ ಫಲವನ್ನು ನಾಲ್ಕು ಮೆಟ್ಟಲುಗಳಾಗಿ ವಿಂಗಡಿಸಿದನು: ಸಂತೋಷ, ತಿಳಿವಳಿಕೆ, ನಡವಳಿಕೆ, ಅಂತಿಮ ಪರಿಣಾಮ. ಚೀಟಿಯಿಂದ ತಿಳಿಯುವುದು ಮೊದಲನೆಯ ಮೆಟ್ಟಲು ಮಾತ್ರ. ಅದರಲ್ಲಿಯೂ ಒಂದು ತೊಡಕುಂಟು. ಒಂದು ವಿದ್ಯೆಯಲ್ಲಿ ಹಿಂದುಳಿದವರು ತಮ್ಮ ಸಾಮರ್ಥ್ಯವನ್ನು ಇರುವುದಕ್ಕಿಂತ ಬಹಳ ಹೆಚ್ಚೆಂದು ಎಣಿಸುತ್ತಾರೆಂಬುದನ್ನು ಕಾರ್ನೆಲ್ ವಿಶ್ವವಿದ್ಯಾನಿಲಯದ ಡನ್ನಿಂಗ್, ಕ್ರೂಗರ್ ಎಂಬ ಮನಶ್ಶಾಸ್ತ್ರಜ್ಞರು ೧೯೯೯ರಲ್ಲಿ ಪ್ರಕಟಿಸಿದರು. ಹೀಗಿರಲಾಗಿ, ತನಗೆ ಹುಡುಕುವುದು ಚೆನ್ನಾಗಿ ಬರುತ್ತದೆಂದು ಬರೆದುಕೊಡುವವನ ಮಾತನ್ನೇ ಅವನಿಗೆ ಹುಡುಕುವುದು ಬರುತ್ತದೆಂಬುದಕ್ಕೆ ಪ್ರಮಾಣವಾಗಿ ಹಿಡಿಯುವುದು ಹೇಗೆ?

ಎರಡನೆಯ ಸಾಧನ ಪ್ರಶ್ನಪತ್ರಿಕೆ. ಪಾಠದ ಮುಂಚೆ ಒಂದು, ಪಾಠವಾದ ಮೇಲೆ ಒಂದು. ಎರಡನೆಯದರಲ್ಲಿ ಅಂಕ ಹೆಚ್ಚಿದರೆ ಫಲವಾಯಿತೆಂದು ತೀರ್ಮಾನ. ಆದರೆ ಕಲಿತುದನ್ನು ಮರೆಯುವ ವೇಗವು ಮೊದಲಲ್ಲಿಯೇ ಅತಿ ಹೆಚ್ಚೆಂಬುದನ್ನು ಜರ್ಮನಿಯ ಎಬ್ಬಿಂಗ್‌ಹೌಸನು ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ೧೮೮೫ರಷ್ಟು ಹಿಂದೆಯೇ ತಿಳಿಸಿದನು. ಪಾಠ ಮುಗಿದ ಗಂಟೆಯಲ್ಲಿಯೇ ತೆಗೆದ ಅಳತೆ ಸ್ಮೃತಿಯ ಅತ್ಯುನ್ನತ ಘಟ್ಟದ್ದು. ಅದನ್ನೇ ಸ್ಥಿರವಾದ ಫಲವೆನ್ನುವುದು ಮಳೆ ನಿಂತ ಮರುಗಳಿಗೆಯಲ್ಲಿ ಹಳ್ಳದ ನೀರನ್ನು ಅಳೆದು ಬೇಸಗೆಯ ಬೆಳೆಗೆ ಸಾಕೆಂದು ನಿಶ್ಚಯಿಸಿದಂತೆ.

ಮೂರನೆಯದು ಲೆಕ್ಕಗಳನ್ನು ಜೋಡಿಸುವುದು. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ವಿಶ್ವವಿದ್ಯಾನಿಲಯದವರು ೨೦೧೧ರಲ್ಲಿ ಎಂಟು ವಿಶ್ವವಿದ್ಯಾನಿಲಯಗಳ ದಾಖಲೆಗಳನ್ನು ಕೂಡಿಸಿ ನೋಡಿದರು. ಪುಸ್ತಕಗಳನ್ನು ಹೆಚ್ಚಾಗಿ ಎರವಲು ತೆಗೆದುಕೊಂಡವರೂ, ವಿದ್ಯುನ್ಮಾನ ಗ್ರಂಥಗಳನ್ನು ಹೆಚ್ಚಾಗಿ ಬಳಸಿದವರೂ ಪದವಿಯಲ್ಲಿ ಮೇಲಿನ ದರ್ಜೆಗಳನ್ನು ಪಡೆದಿರುವ ಸಂಬಂಧ ಕಂಡುಬಂದಿತು. ಭಂಡಾರದ ಬಾಗಿಲನ್ನು ಎಷ್ಟು ಸಲ ದಾಟಿದರೆಂಬ ಲೆಕ್ಕಕ್ಕೆ ಅಂಥ ಸಂಬಂಧ ಕಾಣಲಿಲ್ಲ. ಆ ಸಂಶೋಧಕರ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಇದು ಸಾಹಚರ್ಯ ಮಾತ್ರ, ಕಾರ್ಯಕಾರಣಭಾವವೆಂದು ತಿಳಿಯಬಾರದೆಂದು ಅವರೇ ಎಚ್ಚರಿಸಿದರು. ಎಚ್ಚರಿಕೆಯನ್ನು ಮರೆತು ಸಂಬಂಧವನ್ನು ಮಾತ್ರ ಎತ್ತಿಕೊಳ್ಳುವವರೇ ಲೋಕದಲ್ಲಿ ಹೆಚ್ಚು. ಪಾಠಕ್ಕೆ ಬಂದವರ ಅಂಕಗಳನ್ನು ಬಾರದವರ ಅಂಕಗಳೊಡನೆ ಹೋಲಿಸುವಲ್ಲಿಯೂ ಇದೇ ಅಪಾಯವುಂಟು. ನ್ಯಾಯಶಾಸ್ತ್ರವನ್ನು ಓದುವ ಬಾಲಕನಿಗೂ ಕುಂಬಾರನ ಕತ್ತೆಯ ದೃಷ್ಟಾಂತ ಗೊತ್ತು. ಮಣ್ಣನ್ನು ಹೊತ್ತು ತಂದ ಕತ್ತೆ ಮಡಕೆ ಹುಟ್ಟುವ ಮೊದಲು ಅಲ್ಲಿತ್ತು, ನಿಜ. ಆದರೂ ಅದು ಮಡಕೆಗೆ ಕಾರಣವಲ್ಲ, ಅನ್ಯಥಾಸಿದ್ಧ. ಶ್ರದ್ಧೆಯುಳ್ಳ ವಿದ್ಯಾರ್ಥಿ ಪಾಠಕ್ಕೂ ಬರುತ್ತಾನೆ, ಅಂಕವನ್ನೂ ಪಡೆಯುತ್ತಾನೆ. ಪಾಠವು ಇಲ್ಲಿ ದಂಡಚಕ್ರಗಳ ಸ್ಥಾನದಲ್ಲಿದೆಯೋ ಕತ್ತೆಯ ಸ್ಥಾನದಲ್ಲಿದೆಯೋ ಎಂಬುದನ್ನು ಅಂಕಿಗಳ ಸಾಹಚರ್ಯ ಮಾತ್ರದಿಂದ ಹೇಳಲಾಗದು.

ಸ್ಥಾಲೀಪುಲಾಕನ್ಯಾಯವನ್ನು ನಂಬಿ ಕೆಲವರನ್ನು ಮಾತ್ರ ವಿಚಾರಿಸಿದರೆ ಸಾಲದೆ ಎಂಬ ಪ್ರಶ್ನೆಯೂ ಏಳಬಹುದು. ಒಂದು ಅಗುಳನ್ನು ಹಿಚುಕಿ ಪಾತ್ರೆಯ ಅನ್ನವೆಲ್ಲ ಬೆಂದಿದೆಯೆನ್ನಲು ಎಲ್ಲ ಅಗುಳಿಗೂ ಒಂದೇ ಉರಿ ತಗಲಿರಬೇಕು. ವರ್ಷಗಳು ಕಳೆದ ಮೇಲೆ ಹಳೆಯ ವಿದ್ಯಾರ್ಥಿಗಳಿಗೆ ಪತ್ರ ಬರೆದರೆ ಉತ್ತರಿಸುವವರು ಬಹುಶಃ ಪುಸ್ತಕದ ಮೇಲೆ ಮೊದಲಿಂದ ಪ್ರೀತಿಯಿದ್ದವರೇ. ಬೇಯದೆ ಉಳಿದ ಅಗುಳು ಪಾತ್ರೆಯ ಮೂಲೆಯಲ್ಲಿ ಮೌನವಾಗಿರುತ್ತದೆ.

ಹಾಗಾದರೆ ಉಳಿಯುವುದೆಂದರೆ ಏನು? ಇದನ್ನು ನಿರ್ಣಯಿಸದೆ ಅಳತೆಗೆ ಕೈಹಾಕಿದುದೇ ಮೇಲಿನ ದೋಷಗಳಿಗೆಲ್ಲ ಮೂಲ. ಹಿಂದೆ ವಿದ್ಯಾರ್ಥಿಗಳಿಗೆ ಮರದ ಸೆಳೆಪೆಟ್ಟಿಗೆಗಳಲ್ಲಿದ್ದ ಸೂಚೀಚೀಟಿಗಳನ್ನು ತಿರುವಿಹಾಕುವುದನ್ನು ಕಲಿಸುತ್ತಿದ್ದರು. ಪ್ರಪಂಚದ ಅನೇಕ ಭಂಡಾರಗಳಿಗೆ ಅಂಥ ಚೀಟಿಗಳನ್ನು ಅಚ್ಚುಮಾಡಿ ಕಳುಹಿಸುತ್ತಿದ್ದ ಒಹಾಯೋ ಸಂಸ್ಥಾನದ ಓ.ಸಿ.ಎಲ್.ಸಿ. ಎಂಬ ಸಂಸ್ಥೆಯು ೨೦೧೫ರ ಅಕ್ಟೋಬರಿನಲ್ಲಿ ಕೊನೆಯ ಚೀಟಿಗಳನ್ನು ಅಚ್ಚುಮಾಡಿತು. ಚೀಟಿಯನ್ನು ತಿರುವುವ ಕೈಚಳಕ ಚೀಟಿಯೊಡನೆಯೇ ಹೋಯಿತು. ಆದರೆ ಒಂದೇ ವಿಷಯವು ಬೇರೆಬೇರೆ ಹೆಸರುಗಳ ಕೆಳಗೆ ಅಡಗಿರಬಹುದು, ಜೋಡಣೆಯನ್ನು ಯಾರೋ ಒಬ್ಬರು ಯಾವುದೋ ದೃಷ್ಟಿಯಿಂದ ಮಾಡಿದ್ದಾರೆ, ಮೊದಲು ಕೈಗೆ ಸಿಕ್ಕಿದುದೇ ಉತ್ತಮವಾದುದಲ್ಲ ಎಂಬೀ ವಿವೇಕವು ಚೀಟಿಯ ಮೂಲಕ ಯಾರಲ್ಲಿ ಮೂಡಿತ್ತೋ ಅವರಲ್ಲಿ ಅದು ಗಣಕಯಂತ್ರದ ಮುಂದೆಯೂ ಕೆಲಸ ಮಾಡುತ್ತದೆ. ಹೋಗುವುದು ಕೈಚಳಕ, ಉಳಿಯುವುದು ಸಂಸ್ಕಾರ.

ಸಂಸ್ಕಾರದ ಸ್ವಭಾವವನ್ನು ತಾರ್ಕಿಕರು ಚೆನ್ನಾಗಿ ವಿಚಾರಮಾಡಿದ್ದಾರೆ. ಅನುಭವದಿಂದ ಹುಟ್ಟಿ ಆತ್ಮದಲ್ಲಿ ನೆಲಸಿರುವ ಭಾವನೆಯೆಂಬ ಸಂಸ್ಕಾರವು ತಾನಾಗಿ ಕಾಣಿಸದು. ಉದ್ಬೋಧಕವೊಂದು ಒದಗಿದಾಗ ಮಾತ್ರ ಎಚ್ಚರಗೊಂಡು ಕಾರ್ಯವನ್ನು ಮಾಡುತ್ತದೆ. ಆದುದರಿಂದ ಉದ್ಬೋಧಕವಿಲ್ಲದ ಸಮಯದಲ್ಲಿ ಸಂಸ್ಕಾರವನ್ನು ಪರೀಕ್ಷಿಸಲು ಹೋಗುವುದು ನಿದ್ರಿಸುತ್ತಿರುವವನ ನಡಿಗೆಯನ್ನು ಪರೀಕ್ಷಿಸಿದಂತಾಗುತ್ತದೆ.

ಇದಕ್ಕೆ ಈಚಿನ ನಿದರ್ಶನಗಳಿವೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಎಂಬವರು ೨೦೧೭ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ ೪೫ ಮಂದಿಗೆ ಅಂತರ್ಜಾಲದ ಕೆಲವು ಪುಟಗಳನ್ನು ತೋರಿಸಿ, ಅವುಗಳ ಯೋಗ್ಯತೆಯನ್ನು ಹೇಳಿರೆಂದು ಕೇಳಿದರು. ಅವರಲ್ಲಿ ೧೦ ಮಂದಿ ಇತಿಹಾಸದ ವಿದ್ವಾಂಸರು, ೧೦ ಮಂದಿ ವೃತ್ತಪತ್ರಿಕೆಗಳ ಸತ್ಯಶೋಧಕರು, ೨೫ ಮಂದಿ ಅದೇ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು. ವಿದ್ವಾಂಸರೂ ವಿದ್ಯಾರ್ಥಿಗಳೂ ಅನೇಕವೇಳೆ ಆ ಪುಟದಲ್ಲಿಯೇ ನಿಂತು ಅದರ ಅಂದಚಂದಗಳಿಗೆ ಮರುಳಾದರು. ಸತ್ಯಶೋಧಕರು ಪುಟವನ್ನು ಬಿಟ್ಟು ಹೊರಬಂದು, ಇದನ್ನು ಬರೆದವರು ಯಾರೆಂದು ಬೇರೆಡೆಗಳಲ್ಲಿ ವಿಚಾರಿಸಿ, ಸ್ವಲ್ಪ ಕಾಲದಲ್ಲಿಯೇ ನಿಜವನ್ನು ಕಂಡುಕೊಂಡರು. ಪಾಂಡಿತ್ಯವಿದ್ದ ಕಡೆಯಲ್ಲೆಲ್ಲ ಈ ಸಂಸ್ಕಾರ ಇರುತ್ತದೆಂಬ ನಿಯಮವಿಲ್ಲವೆಂಬುದು ಇದರಿಂದ ವ್ಯಕ್ತ.

೨೦೨೩ರಲ್ಲಿ ನ್ಯೂಯಾರ್ಕ್ ನಗರದ ಫೆಡರಲ್ ನ್ಯಾಯಸ್ಥಾನದಲ್ಲಿ ನಡೆದುದು ಇನ್ನೂ ಗಂಭೀರವಾದುದು. ಮಾತನ್ನು ತಾನೇ ಹೆಣೆಯುವ ಹೊಸ ಯಂತ್ರವೊಂದು ಕಲ್ಪಿಸಿಕೊಟ್ಟ ತೀರ್ಪುಗಳನ್ನು, ಅವು ಎಲ್ಲಿಯೂ ಇಲ್ಲದಿದ್ದರೂ, ವಕೀಲರು ಆಧಾರವೆಂದು ನ್ಯಾಯಾಧೀಶರ ಮುಂದಿಟ್ಟರು. ೫,೦೦೦ ಡಾಲರುಗಳ ದಂಡಕ್ಕೆ ಗುರಿಯಾದರು. ಆಧಾರಗಳನ್ನು ಹುಡುಕುವ ಶಿಕ್ಷಣ ಅಮೆರಿಕದ ನ್ಯಾಯಶಾಸ್ತ್ರದ ವಿದ್ಯಾಶಾಲೆಗಳಲ್ಲಿ ಸಾಮಾನ್ಯವಾದುದು. ಆ ವಿಷಯದಲ್ಲಿ ಪ್ರಶ್ನಪತ್ರಿಕೆ ಕೊಟ್ಟಿದ್ದರೆ ವಕೀಲನಾದವನು ತಪ್ಪದೆ ಉತ್ತರಿಸುತ್ತಿದ್ದನೆಂದು ಊಹಿಸಬಹುದು. ಹೆಸರು ಹೇಳಿದ ಗ್ರಂಥ ನಿಜವಾಗಿಯೂ ಇದೆಯೇ ಎಂದು ಎದ್ದುಹೋಗಿ ನೋಡಬೇಕೆಂಬ ಬುದ್ಧಿ ಮಾತ್ರ ಬೇಕಾದ ಗಳಿಗೆಯಲ್ಲಿ ಏಳಲಿಲ್ಲ. ಕಕ್ಷಿಗಾರನ ಹಿತವೂ ನ್ಯಾಯಸ್ಥಾನದ ಮರ್ಯಾದೆಯೂ ಆ ಒಂದು ಗಳಿಗೆಯ ಮೇಲೆ ನಿಂತಿದ್ದುವು.

ಈ ದೃಷ್ಟಿಯಿಂದ ೨೦೧೬ರಲ್ಲಿ ಅಮೆರಿಕದಲ್ಲಿ ಹೊರಬಂದ ಮತ್ತೊಂದು ವರದಿ ಚಿಂತನಾರ್ಹವಾಗಿದೆ. ಹತ್ತು ವಿದ್ಯಾಸಂಸ್ಥೆಗಳಿಂದ ಪದವಿ ಪಡೆದು ಹೊರಬಿದ್ದಿದ್ದ ೧,೬೫೧ ಮಂದಿಯನ್ನು ಸಂಶೋಧಕರು ವಿಚಾರಿಸಿದರು. ಹುಡುಕುವುದನ್ನೂ ತೂಗಿನೋಡುವುದನ್ನೂ ಕಾಲೇಜು ಕಲಿಸಿತೆಂದು ಬಹುಮಂದಿ ಹೇಳಿದರು. ಸ್ವಂತವಾಗಿ ಪ್ರಶ್ನೆಯನ್ನು ಕೇಳುವ ಶಕ್ತಿ ಅಲ್ಲಿ ಬಂದಿತೆಂದು ಹೇಳಿದವರು ನೂರಕ್ಕೆ ೨೭ ಮಂದಿ ಮಾತ್ರ. ತನ್ನ ಹೇಳಿಕೆಯನ್ನೇ ನಂಬಬೇಕಾದ ದೋಷ ಇಲ್ಲಿಯೂ ಇದೆ. ಆದರೆ ಜನರು ತಮ್ಮ ಕೊರತೆಯನ್ನು ಒಪ್ಪಿಕೊಳ್ಳುವಾಗ ಅವರ ಮಾತಿಗೆ ಬೆಲೆ ಹೆಚ್ಚು. ಉತ್ತರವನ್ನು ಹುಡುಕಲು ಕಲಿಸಿ ಪ್ರಶ್ನೆಯನ್ನು ಮಾತ್ರ ಉಪಾಧ್ಯಾಯನೇ ಕೊಡುತ್ತ ಬಂದರೆ, ಉಪಾಧ್ಯಾಯನಿಲ್ಲದ ಮುಂದಿನ ನಲವತ್ತು ವರ್ಷಗಳಲ್ಲಿ ಆ ವಿದ್ಯೆಗೆ ಉದ್ಬೋಧಕ ಎಲ್ಲಿಂದ ಬರಬೇಕು?

ಇನ್ನು ಉಳಿದುದು ಅಧಿಕಾರದ ಪ್ರಶ್ನೆ. ಸ್ಥಿರವಾದ ಫಲವನ್ನು ನಿಖರವಾಗಿ ಅಳೆಯಬೇಕಾದರೆ ವಿದ್ಯಾರ್ಥಿಯನ್ನು ಬಿಡದೆ ಹಿಂಬಾಲಿಸಬೇಕಾಗುತ್ತದೆ: ಯಾವ ಪುಸ್ತಕವನ್ನು ತೆಗೆದ, ಯಾವ ಪುಟವನ್ನು ತೆರೆದ, ಎಷ್ಟು ಹೊತ್ತು ಓದಿದ ಎಂಬುದನ್ನೆಲ್ಲ ಅವನ ಹೆಸರಿಗೆ ಸೇರಿಸಿ ಬರೆದಿಡಬೇಕಾಗುತ್ತದೆ. ಯಂತ್ರಗಳಿಗೆ ಇದು ಈಗ ಅತಿ ಸುಲಭ. ಓದುಗನ ವಿಷಯವಾಗಿ ತನಗೆ ತಿಳಿದುಬಂದುದನ್ನು ಗ್ರಂಥಪಾಲಕನು ಗುಟ್ಟಾಗಿಡತಕ್ಕದ್ದೆಂದು ಅಮೆರಿಕದ ಗ್ರಂಥಪಾಲಕರು ೧೯೩೯ರಲ್ಲಿಯೇ ತಮ್ಮ ವೃತ್ತಿಧರ್ಮದಲ್ಲಿ ವಿಧಿಸಿಕೊಂಡಿದ್ದರು. ಆ ವಿಧಿಯ ತಾತ್ಪರ್ಯ ಆಳವಾದುದು. ತನ್ನನ್ನು ಯಾರೋ ನೋಡುತ್ತಿದ್ದಾರೆಂದು ಬಲ್ಲವನು ಅವರು ಮೆಚ್ಚುವ ಪುಸ್ತಕವನ್ನೇ ಕೈಗೆತ್ತಿಕೊಳ್ಳುತ್ತಾನೆ. ಅನುಮಾನವನ್ನು ಹುಟ್ಟಿಸುವ ಪುಸ್ತಕದ ಬಳಿ ಸುಳಿಯಲು ಹೆದರುತ್ತಾನೆ. ಸ್ವತಂತ್ರವಾಗಿ ವಿಚಾರಮಾಡುವುದನ್ನು ಕಲಿಸಿದೆವೆಂದು ತೋರಿಸುವುದಕ್ಕಾಗಿ ಅವನ ಸ್ವಾತಂತ್ರ್ಯವನ್ನೇ ಕಸಿದುಕೊಂಡರೆ, ಬೇರು ಬಿಟ್ಟಿದೆಯೇ ಎಂದು ನೋಡಲು ಗಿಡವನ್ನು ಕಿತ್ತಂತಾಗುತ್ತದೆ.

ಆದುದರಿಂದ ಸಿದ್ಧಾಂತವಿಷ್ಟು. ಅಳೆಯುವುದು ಉಪಾಧ್ಯಾಯನ ಕರ್ತವ್ಯವೇ ಸರಿ. ಆದರೆ ಅಳತೆಯು ಕಾಲ ಸರಿದ ಮೇಲೆ ನಡೆಯಲಿ. ಹಿಂದೆ ಹೇಳಿಕೊಟ್ಟ ಉತ್ತರವನ್ನು ಕೇಳದೆ ಹೊಸದೊಂದು ತೊಡಕನ್ನು ಮುಂದಿಟ್ಟು, ವಿದ್ಯಾರ್ಥಿ ಏನು ಹೇಳುತ್ತಾನೆಂಬುದಕ್ಕಿಂತ ಏನು ಮಾಡುತ್ತಾನೆಂಬುದನ್ನು ನೋಡಲಿ. ಅವನ ಒಪ್ಪಿಗೆ ಪಡೆದು ನಡೆಯಲಿ, ಹೆಸರು ಉಳಿಯದಿರಲಿ. ಬಂದ ಅಂಕಿಗಳು ಪಾಠವನ್ನು ತಿದ್ದುವುದಕ್ಕೆ ಉಪಯೋಗವಾಗಲಿ. ಪಾಠವನ್ನು ಕೊಂಡಾಡುವುದಕ್ಕೆ ಅವು ಬಹಳ ದುರ್ಬಲವಾದ ಸಾಧನ. ಒಂದು ಗಂಟೆಯಲ್ಲಿ ಸಂಸ್ಕಾರ ಮೂಡದೆಂದು ಅಳತೆಯೇ ತೋರಿಸಿಕೊಟ್ಟರೆ, ಫಲವನ್ನು ಹಿಗ್ಗಿಸಿ ಬರೆಯುವ ಬದಲು ಗಂಟೆಗಳನ್ನು ಹೆಚ್ಚಾಗಿ ಕೇಳುವ ಧೈರ್ಯ ಗ್ರಂಥಪಾಲಕರಲ್ಲಿ ಇರಲಿ. ದ್ರವ್ಯವನ್ನು ಕೊಡುವವರಲ್ಲಿ, ನಿಜವಾದ ಸಣ್ಣ ಫಲವನ್ನು ಸುಳ್ಳಾದ ದೊಡ್ಡ ಫಲಕ್ಕಿಂತ ಮೇಲೆಂದು ಎಣಿಸುವ ತಾಳ್ಮೆ ಇರಲಿ. ಮೊದಲು ಕೈಗೆ ಸಿಕ್ಕಿದ ಹೇಳಿಕೆಯನ್ನು ನಂಬಬೇಡ, ಆಧಾರವನ್ನು ನೋಡು ಎಂಬುದೇ ಪುಸ್ತಕಭಂಡಾರದ ಪಾಠದ ತಿರುಳು. ಆ ಪಾಠದ ಫಲವನ್ನು ಕುರಿತ ಹೇಳಿಕೆಗೂ ಅದೇ ನಿಯಮವನ್ನು ಅನ್ವಯಿಸುವವರಲ್ಲಿ, ಪಾಠವು ಕಲಿಸುವವನಲ್ಲಿಯಾದರೂ ನಿಂತಿದೆಯೆಂದು ಧಾರಾಳವಾಗಿ ಹೇಳಬಹುದು.