ಆರುವ ತಾಳ್ಮೆ

ಸಿರುಗುಪ್ಪ, ಕುರುಗೋಡುಗಳಿಂದ ಮಕ್ಕಳನ್ನು ಬಳ್ಳಾರಿಗೆ ಕಳುಹಿಸುವ ತಂದೆತಾಯಿಗಳು ‘ಬೇಗ ಕಲಿಯಲಿ’ ಎನ್ನುವರು. ಬೇಗ ಕಲಿತದ್ದು ಕಲಿತಂತಾದೀತೇ?

1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಯೋಗಶಾಲೆಗಳಿಗಾಗಿ ಗಾಜು ಊದುವ ಕಸುಬು ನಡೆದುಬಂದಿದೆ. ಜ್ವಾಲೆಯಲ್ಲಿ ಮೆತ್ತಗಾದ ನಳಿಕೆಯನ್ನು ಎರಡು ಕೈಗಳೂ ಒಂದೇ ವೇಗದಲ್ಲಿ ತಿರುಗಿಸುತ್ತಿರಬೇಕು. ನಿಲ್ಲಿಸಿದರೆ ಜೋಲುವುದು, ಉಸಿರು ಹೆಚ್ಚಾದರೆ ಒಡೆಯುವುದು. ಈ ಅಳತೆಯನ್ನು ಗ್ರಂಥ ಹೇಳೀತು, ಕೈಗೆ ಕೊಡಲಾರದು. ರೂಪ ಬಂದೊಡನೆ ಕೆಲಸ ಮುಗಿಯದು. ಬೋರೋಸಿಲಿಕೇಟ್ ಗಾಜನ್ನು ಸುಮಾರು 560 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿರಿಸಿ ಮೆಲ್ಲಮೆಲ್ಲನೆ ಆರಿಸಬೇಕು. ಅವಸರದಲ್ಲಿ ಆರಿದುದು ಕಣ್ಣಿಗೆ ನಿರ್ದೋಷ. ಒಳಗಿನ ಬಿಗಿತದಿಂದ ಎಂದೋ ಬಿರಿಯುವುದು.

ಆದರೂ ಬಡವನ ಅವಸರವನ್ನು ದೋಷವೆನ್ನಲಾಗದು. ಹಸಿವಿಗೆ ಕಾಯುವ ಶಕ್ತಿಯಿಲ್ಲ. ಕಲಿಯುವವನಿಗೆ ಆ ಕಾಲದ ಅನ್ನವನ್ನು ಒದಗಿಸುವುದು ಸಮಾಜದ ಹೊಣೆ. ತಾಳ್ಮೆಯನ್ನು ಬೋಧಿಸುವವನು ಮೊದಲು ಅದರ ವೆಚ್ಚವನ್ನು ಹೊರಬೇಕು.