ಉಪವಾಸಿಗನ ಒಳಗಿನ ಸೇವಕರು



ನಮ್ಮ ಎರಡೂ ಮೂತ್ರಪಿಂಡಗಳ ಮೇಲೆ ಟೊಪ್ಪಿ ಇಟ್ಟಂತೆ ಎರಡು ಪುಟ್ಟ ಗ್ರಂಥಿಗಳಿವೆ. ಒಂದೊಂದರ ತೂಕ ಸುಮಾರು 4-5 ಗ್ರಾಂ. ಇವೇ ಅಡ್ರಿನಲ್ ಗ್ರಂಥಿಗಳು. ಭಯವಾದಾಗ ಎದೆ ಡವಗುಟ್ಟಿಸುವ ಅಡ್ರಿನಲಿನ್ ಇವುಗಳ ಒಳತಿರುಳಿನಿಂದ ಬರುತ್ತದೆ. ಅದರ ಹೆಸರು ಎಲ್ಲರಿಗೂ ಗೊತ್ತು. ಆದರೆ ಹೊರಪದರದ ಕೆಲಸ ಅದಕ್ಕಿಂತ ದೊಡ್ಡದು. ಅಲ್ಲಿ ಹುಟ್ಟುವ ಕಾರ್ಟಿಸಾಲ್, ಹೊಟ್ಟೆ ಖಾಲಿಯಿದ್ದಾಗ ರಕ್ತದ ಸಕ್ಕರೆ ಕುಸಿಯದಂತೆ ಕಾಯುತ್ತದೆ. ಆಲ್ಡೋಸ್ಟೆರಾನ್ ದೇಹದ ಉಪ್ಪನ್ನು ಹಿಡಿದಿಟ್ಟು ರಕ್ತದೊತ್ತಡವನ್ನು ಉಳಿಸುತ್ತದೆ. ಸಹ್ರಿಯಿಂದ ಇಫ್ತಾರ್‌ವರೆಗೆ ನಾವು ಅನ್ನನೀರಿಲ್ಲದೆ ಓಡಾಡುತ್ತೇವಲ್ಲ, ಅದರ ಹಿಂದೆ ಅಲ್ಲಾಹನು ನೇಮಿಸಿದ ಈ ಮೂಕ ಸೇವಕರೂ ಇದ್ದಾರೆ.

ಈ ಗ್ರಂಥಿಗಳು ಕೆಟ್ಟರೆ ಮನುಷ್ಯ ಸೊರಗಿ ಸಾಯುತ್ತಾನೆಂದು 1855ರಲ್ಲಿ ಲಂಡನಿನ ವೈದ್ಯ ಥಾಮಸ್ ಅಡಿಸನ್ ಬರೆದರು. ಕ್ಷಯರೋಗವೂ ಇವನ್ನು ಹಾಳುಮಾಡುತ್ತದೆ. ಇನ್ನೊಂದು ಕಾರಣ ನಮ್ಮ ಮನೆಗಳಲ್ಲೇ ಇದೆ. ಉಬ್ಬಸಕ್ಕೋ ಕೀಲುನೋವಿಗೋ ತಿಂಗಳುಗಟ್ಟಲೆ ಪ್ರೆಡ್ನಿಸೊಲೋನ್‌ನಂತಹ ಸ್ಟೀರಾಯ್ಡ್ ಮಾತ್ರೆ ನುಂಗಿದವರಲ್ಲಿ ಈ ಗ್ರಂಥಿಗಳು ನಿದ್ರೆಗೆ ಜಾರುತ್ತವೆ. ಅಂಥವರು ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ವಾಂತಿ, ತಲೆಸುತ್ತು, ರಕ್ತದೊತ್ತಡದ ಕುಸಿತ ಕಾಣಿಸಿಕೊಂಡು ಜೀವವೇ ಹೋಗಬಹುದು.

"ರಮಝಾನ್ ಒಂದು ತಿಂಗಳು ತಾನೇ, ಮಾತ್ರೆ ಬಿಟ್ಟರಾಯಿತು" ಎನ್ನುವವರಿದ್ದಾರೆ. ಇದು ಭಕ್ತಿಯೇ? ರೋಗಿಗೂ ಪ್ರಯಾಣಿಕನಿಗೂ ಬೇರೆ ದಿನಗಳಲ್ಲಿ ಉಪವಾಸ ಪೂರೈಸುವ ಅವಕಾಶವನ್ನು ಅಲ್ ಬಕರ ಅಧ್ಯಾಯದಲ್ಲಿ ಅಲ್ಲಾಹನೇ ಕೊಟ್ಟಿದ್ದಾನೆ. ಚೇತರಿಸುವ ನಿರೀಕ್ಷೆಯಿಲ್ಲದ ರೋಗಿಗೆ ಬಡವನಿಗೆ ಉಣಿಸುವ ಫಿದ್ಯಾ ಇದೆ. ಪ್ರಯಾಣದಲ್ಲಿ ಉಪವಾಸ ಹಿಡಿದು ಬಳಲಿದ ಒಬ್ಬನಿಗೆ ಜನರು ನೆರಳು ಹಿಡಿದಿದ್ದನ್ನು ಕಂಡ ಪ್ರವಾದಿ(ಸ)ರವರು ಅದನ್ನು ಪುಣ್ಯವೆಂದು ಒಪ್ಪಲಿಲ್ಲ. ಒಡೆಯನೇ ಕೊಟ್ಟ ರಿಯಾಯಿತಿಯನ್ನು ತಳ್ಳಿಹಾಕಲು ನಾವು ಯಾರು?

ಆದ್ದರಿಂದ ರಮಝಾನಿಗೆ ಮೊದಲೇ ವೈದ್ಯರನ್ನು ಕಾಣಿರಿ. ಕೆಲವರಿಗೆ ಮಾತ್ರೆಯ ಹೊತ್ತು ಬದಲಿಸಿ ಅವರು ಉಪವಾಸಕ್ಕೆ ಒಪ್ಪಬಹುದು, ಕೆಲವರಿಗೆ ಬೇಡವೆನ್ನಬಹುದು. ಉಪವಾಸವಿದ್ದಾಗ ತಲೆಸುತ್ತು, ವಾಂತಿ ಬಂದರೆ ಮಗ್ರಿಬ್‌ಗೆ ಕಾಯಬೇಡಿ, ಆಗಲೇ ಉಪವಾಸ ಮುರಿದು ಮಾತ್ರೆ ನುಂಗಿರಿ. ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಇಂಜೆಕ್ಷನ್ ಬೇಕು, ತಡಮಾಡದೆ ಆಸ್ಪತ್ರೆಗೆ ಹೋಗಿರಿ.

ಮನೆಯ ಹಿರಿಯರಿಗೂ ಒಂದು ಮಾತು. ಎಷ್ಟೋ ಸೊಸೆಯಂದಿರು ರೋಗಕ್ಕಿಂತ "ನಿನಗೆ ಉಪವಾಸ ಇಲ್ಲವೇ?" ಎಂಬ ಪ್ರಶ್ನೆಗೆ ಹೆದರಿ ಮಾತ್ರೆ ಬಚ್ಚಿಡುತ್ತಾರೆ. ಆ ಪ್ರಶ್ನೆ ಕೇಳಬೇಡಿ. ಮಾತ್ರೆಯ ಜೊತೆಗೆ ಒಂದು ಲೋಟ ನೀರನ್ನು ನೀವೇ ತಂದುಕೊಡಿ.