ಪಾರಣೆಯ ಪಂಕ್ತಿಯೂ ಪ್ಲಾಸ್ಟಿಕ್ ಲೋಟವೂ

ಅನಂತನ ನೋಂಪಿ ಮುಗಿದು ಪಾರಣೆಯ ಪಂಕ್ತಿ ಎದ್ದ ಮೇಲೆ ವಾಮದಪದವಿನ ಸುತ್ತಿನ ಶ್ರಾವಕರ ಹಿತ್ತಲುಗಳಲ್ಲಿಯೂ ಪ್ಲಾಸ್ಟಿಕ್ ಲೋಟ, ತಟ್ಟೆಗಳ ರಾಶಿ ಬೀಳುವುದುಂಟು. ಈ ಬಗ್ಗೆ ಕೆಲವರು ಹೇಳಿಕೊಳ್ಳುವ ಸಮಾಧಾನವು ವಿಚಾರಾರ್ಹವಾದುದು. ಬಾಳೆಯ ಎಲೆಯು ಸಚಿತ್ತ. ಕೊಯ್ದರೆ ವನಸ್ಪತಿಕಾಯ ಜೀವಕ್ಕೆ ಬಾಧೆ. ಪ್ಲಾಸ್ಟಿಕ್ಕಾದರೋ ಕೇವಲ ಪುದ್ಗಲ, ಅಜೀವ. ಅಷ್ಟಮಿ ಚತುರ್ದಶಿಗಳಂದು ಹಸಿರನ್ನು ತ್ಯಜಿಸುವ ವ್ರತಿಗೆ ಇದೇ ನಿರ್ದೋಷವಲ್ಲವೇ ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ಸಲ್ಲದು. ಎಲೆ ಕೊಯ್ಯುವುದರಲ್ಲಿ ಹಿಂಸೆಯಿರುವುದು ನಿಜವೇ. ಆದರೆ ಪ್ರಮಾದಯುಕ್ತವಾದ ಯೋಗದಿಂದ ಪ್ರಾಣಗಳಿಗೆ ಆಗುವ ಘಾತವೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ನಿರ್ಣಯಿಸಿದೆ. ಖಡ್ಗವೂ ಅಜೀವವೇ ತಾನೆ? ಹಿತ್ತಲಿಗೆಸೆದ ಚೀಲವನ್ನು ಅನ್ನದ ವಾಸನೆಗೆ ಬಂದ ಹಸುವು ನುಂಗುತ್ತದೆ. ಅದು ಜೀರ್ಣವಾಗದೆ ಹೊಟ್ಟೆಯಲ್ಲಿ ಗಂಟುಕಟ್ಟಿ ಆ ಪಂಚೇಂದ್ರಿಯ ಪ್ರಾಣಿಯನ್ನು ಕೊಲ್ಲಬಲ್ಲುದು. ಬಚ್ಚಲ ಒಲೆಗೆ ಹಾಕಿದರೆ ವಿಷಧೂಮ. ಅದನ್ನು ಮೊದಲು ಉಸಿರಾಡುವವರು ಮನೆಯವರೇ. ತೋಡಿಗೆ ಬಿಟ್ಟರೆ ಮಳೆನೀರಿನೊಡನೆ ಹೊಳೆಗಿಳಿದು ಕಡಲನ್ನು ಸೇರಿ, ಬಿಸಿಲಿಗೂ ತೆರೆಗೂ ನುರಿದು ಕಣಕಣವಾಗಿ ಮೀನಿನ ಉದರವನ್ನು ಹೊಗುತ್ತದೆ. ಕಸದ ಗಾಡಿಗೆ ಹಾಕಿದರೆ ತೀರಿತೆನ್ನುವವರು 2019ರ ಆಗಸ್ಟ್ ತಿಂಗಳನ್ನು ನೆನೆಯಬೇಕು. ಮಂಗಳೂರಿನ ಪಚ್ಚನಾಡಿಯ ಕಸದ ಬೆಟ್ಟವು ಆ ಮಳೆಗೆ ಜರಿದು ಮಂದಾರದ ಮನೆಗಳನ್ನೂ ತೋಟಗಳನ್ನೂ ಮುಚ್ಚಿತು.

ಭೋಗೋಪಭೋಗ ಪರಿಮಾಣ ವ್ರತದ ದೃಷ್ಟಿಯಿಂದ ನೋಡಿದರೆ ದೋಷವು ಇನ್ನೂ ಸ್ಪಷ್ಟವಾಗುತ್ತದೆ. ಒಮ್ಮೆ ಅನುಭವಿಸಿ ಬಿಡತಕ್ಕ ಅನ್ನಾದಿಗಳು ಭೋಗ, ಮರಳಿ ಬಳಸತಕ್ಕ ವಸ್ತ್ರಾದಿಗಳು ಉಪಭೋಗ ಎಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಂಗಡಿಸಿದ್ದಾರೆ. ತಲೆಮಾರುಗಳು ಕಳೆದರೂ ಅಳಿಯದ ವಸ್ತುವಿನಿಂದ ಲೋಟ ಮಾಡಿ, ನಾಲ್ಕು ಗುಟುಕು ಪಾನಕಕ್ಕೆ ಬಳಸಿ ಎಸೆಯುವುದೆಂದರೆ ಉಪಭೋಗಕ್ಕೆ ತಕ್ಕುದನ್ನು ಭೋಗವಾಗಿಸಿದಂತೆ. ಎಸೆದದ್ದೆಷ್ಟೆಂದು ಯಾರೂ ಎಣಿಸುವುದಿಲ್ಲ, ಎಣಿಕೆಯಿಲ್ಲದೆಡೆ ಪರಿಮಾಣವೆಲ್ಲಿಯದು?

ಇಂತಹ ಲೋಟ ತಟ್ಟೆಗಳನ್ನು ಕರ್ನಾಟಕ ಸರಕಾರವು 2016ರಲ್ಲಿ, ಕೇಂದ್ರ ಸರಕಾರವು 2022ರ ಜುಲೈ 1ರಿಂದ ನಿಷೇಧಿಸಿವೆ. ದಂಡದ ಭಯದಿಂದ ಬಿಟ್ಟದ್ದು ವ್ರತವೆನಿಸದು. ಅಂತಹ ತ್ಯಾಗವು ಕಾಗದದ ಲೋಟ ಕೊಂಡು ತೃಪ್ತಿಪಡುತ್ತದೆ. ಅದರ ಒಳಮೈಗೂ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ತೆಳುಪೊರೆ ಇರುವುದನ್ನು ಗಮನಿಸುವುದಿಲ್ಲ.

ಹಸಿರು ತ್ಯಜಿಸಿದ ವ್ರತಿಯ ಪ್ರಶ್ನೆಗೆ ಈ ಸೀಮೆಯ ಅಡಕೆ ತೋಟವೇ ಉತ್ತರ ಒದಗಿಸಿದೆ. ಹಾಳೆಯು ತಾನಾಗಿ ಕಳಚಿ ಬೀಳುತ್ತದೆ, ಕತ್ತಿ ಮುಟ್ಟಿಸಬೇಕಾಗಿಲ್ಲ. ಜಂತುಗಳಿಲ್ಲವೆಂದು ನೋಡಿ, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಉಂಡಾದ ಮೇಲೆ ಮರದ ಬುಡಕ್ಕೆ ಗೊಬ್ಬರ. ಮಳೆಗಾಲದಲ್ಲಿ ಹಾಳೆ ಬೂಷ್ಟು ಹಿಡಿಯುವುದರಿಂದ ಬೇಸಗೆಯಲ್ಲೇ ಒಣಗಿಸಿ ಅಟ್ಟಕ್ಕೇರಿಸಬೇಕು. ಭಾದ್ರಪದದ ನೋಂಪಿಗೆ ಚೈತ್ರದಲ್ಲೇ ಸಿದ್ಧತೆ ನಡೆಯಬೇಕೆಂದಾಯಿತು. ಲೋಟದ ಮಾತಿಗೆ ಬಂದರೆ, ಮದುವೆ ಮುಂಜಿಗಳಲ್ಲಿ ಉಡುಗೊರೆಯಾಗಿ ಬಂದ ಸ್ಟೀಲಿನ ಲೋಟಗಳು ಅದೇ ಅಟ್ಟದಲ್ಲಿ ಧೂಳು ಹಿಡಿದು ಕುಳಿತಿರುತ್ತವೆ. ತೊಳೆಯಲು ಕೈ ಸಾಲದೆಂಬುದೇ ನಿಜವಾದ ಅಡ್ಡಿ. ಉಂಡವರು ತಮ್ಮ ಲೋಟವನ್ನು ತಾವೇ ಸೋಸಿದ ನೀರಿನಲ್ಲಿ ತೊಳೆದಿಡುವ ರೂಢಿಯನ್ನು ಮೊದಲ ಪಂಕ್ತಿಯಲ್ಲಿ ಕುಳಿತ ಹಿರಿಯರೇ ಆರಂಭಿಸಬೇಕಾಗುತ್ತದೆ.